ಅರವತ್ತೊಂದು ಸಹಿ

ಬ್ರೆಮ್‌ಹೈದೆ ಗಣಿ ಕಾಲೊನಿ, ಬೆಲ್ಜಿಯಂ
18 ಅಕ್ಟೋಬರ್ 1992

ಪ್ರೀತಿಯ ತಂಗಿ ಬೊನಾರಿಯಾಳಿಗೆ,

ನಾನು ಇದ್ದೇನೆ, ನನ್ನ ಕೆಮ್ಮೂ ಇದೆ. ಫೋನ್ ಮಾಡಿದರೆ ಮಾತಿಗಿಂತ ಕೆಮ್ಮೇ ನಿನ್ನ ಕಿವಿಗೆ ಹೆಚ್ಚು ಬೀಳುತ್ತದೆ, ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಗಣಿಯಲ್ಲಿ ಮೂವತ್ತು ವರ್ಷ ನುಂಗಿದ ಧೂಳು ಎದೆ ಬಿಟ್ಟು ಹೊರಡುವ ಲಕ್ಷಣವಿಲ್ಲ.

ಈಗ ಒಳ್ಳೆಯ ಸುದ್ದಿ ಕೇಳು. ಶುಕ್ರವಾರ ಸಂಜೆ ನಮ್ಮ ಶಾಲೆಯ ಹಾಲಿನಲ್ಲಿ ನಿನ್ನ ಹೆಸರು ಮೊಳಗಿತು! ಹೋದ ಚುನಾವಣೆಯಲ್ಲಿ ಅಷ್ಟೊಂದು ಸೀಟು ಬಾಚಿಕೊಂಡರಲ್ಲ, ಆ ಪಕ್ಷದವರು ಸಭೆ ಇಟ್ಟಿದ್ದರು. ಬಿಯರ್ ಪುಕ್ಕಟೆ ಅಂದ ಮೇಲೆ ನಮ್ಮ ಮುದುಕರೆಲ್ಲ ಹಾಜರು. ನೀಲಿ ಟೈ ಕಟ್ಟಿದವನೊಬ್ಬ ವೇದಿಕೆ ಹತ್ತಿ ನಿನ್ನ ಪುಸ್ತಕವನ್ನು ತಲೆಯ ಮೇಲೆ ಎತ್ತಿ ಹಿಡಿದ. ಮುಖಪುಟದಲ್ಲಿ ಅಪ್ಪ ಗಣಿ ದೀಪ ಹಿಡಿದು ನಿಂತಿದ್ದಾನಲ್ಲ, ಅದನ್ನು ಕಂಡವರೇ "ಅಂತಿಯೋಕೊ! ನಮ್ಮ ಅಂತಿಯೋಕೊ ಪುದ್ದು!" ಎಂದು ಕೂಗಿದರು. ನನ್ನ ಕಣ್ಣು ತುಂಬಿತು.

ಅವನು ಹೇಳಿದ: "ಇಟಲಿಯವರು ಒಂದು ಪೆಟ್ಟಿಗೆ ಹಿಡ್ಕೊಂಡು ಬಂದ್ರು. ಯಾರ ಮುಂದೇನೂ ಕೈ ಚಾಚಲಿಲ್ಲ. ನೆಲದೊಳಗೆ ಇಳಿದು ದುಡಿದ್ರು, ನಮ್ಮ ಭಾಷೆ ಕಲಿತ್ರು, ನಮ್ಮ ಚರ್ಚಿಗೇ ಬಂದ್ರು. ಇದನ್ನ ನಾನು ಹೇಳ್ತಿಲ್ಲ ಸ್ವಾಮಿ, ನಿಮ್ಮೂರ ಮಗಳು, ಪ್ರೊಫೆಸರ್ ಬೊನಾರಿಯಾ ಪುದ್ದು ಬರೆದಿದಾರೆ. ಅವರಾದ ಮೇಲೆ ಬಂದ ತುರ್ಕರು ಹಂಗಿದಾರಾ? ನೀವೇ ಹೇಳಿ."

ಹಾಲ್ ಪೂರ್ತಿ ಚಪ್ಪಾಳೆ. ನಾವು ಚಿಕ್ಕವರಿದ್ದಾಗ ಇದೇ ಹಾಲಿನ ಬಾಗಿಲಲ್ಲಿ ಇಟಲಿಯವರಾದ ನಮ್ಮನ್ನು ಕಂಡರೆ "ಮ್ಯಾಕರೋನಿಗಳು ಹಿಂದಿನ ಬೆಂಚಿಗೆ" ಎನ್ನುತ್ತಿದ್ದರು. ನೆನಪಿದೆಯಾ? ಈಗ ಮುಂದಿನ ಸಾಲು. ಅಪ್ಪ ಇದನ್ನು ನೋಡಬೇಕಿತ್ತು.

ನಿನ್ನ ಅಣ್ಣ,
ಎಫೀಸಿಯೊ


ಬ್ರಸೆಲ್ಸ್
24 ಅಕ್ಟೋಬರ್ 1992

ಅಣ್ಣ,

ನಿನ್ನ ಕಾಗದ ಓದಿ ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡು ಬಂದೆ. ಉತ್ಪ್ರೇಕ್ಷೆಯಲ್ಲ. ನನಗೆ ವಾಕರಿಕೆ ಬಂತು.

ಹನ್ನೆರಡು ವರ್ಷದ ಹಿಂದೆ ಆ ಪುಸ್ತಕ ಬರೆದೆ. ಅದಕ್ಕಾಗಿ ಎಷ್ಟು ಅಡುಗೆಮನೆಗಳಲ್ಲಿ ಕೂತಿದ್ದೇನೆ, ಎಷ್ಟು ವಿಧವೆಯರ ಮಾತು ಟೇಪಿಗೆ ತುಂಬಿಕೊಂಡಿದ್ದೇನೆ. ಆ ಪುಸ್ತಕದಿಂದಲೇ ನನಗೆ ಕೆಲಸ ಸಿಕ್ಕಿತು, ಬಡ್ತಿ ಸಿಕ್ಕಿತು. "ವಲಸಿಗರ ಇತಿಹಾಸ ಅಂದ್ರೆ ಪುದ್ದು ಮೇಡಂ" ಎಂದು ವಿದ್ಯಾರ್ಥಿಗಳು ಹೇಳುವಂತಾಯಿತು. ಈಗ ಅದನ್ನು ಒಬ್ಬ ಹೇಸಿಗೆಯ ಮನುಷ್ಯ ದೊಣ್ಣೆ ಮಾಡಿಕೊಂಡು ತುರ್ಕರ ತಲೆಗೆ ಬಡಿಯುತ್ತಿದ್ದಾನೆ. ಆ ದೊಣ್ಣೆಯ ಮೇಲೆ ಅಪ್ಪನ ಮುಖ ಬೇರೆ.

ನಿನ್ನನ್ನು ಒಂದೇ ಕೇಳುತ್ತೇನೆ. ನೀನೂ ಚಪ್ಪಾಳೆ ತಟ್ಟಿದೆಯಾ?

ಇನ್ನೊಂದು ಸಂಗತಿ. ಮುಚ್ಚಿಹೋದ ನಮ್ಮ ಗಣಿಯ ಕಟ್ಟಡದಲ್ಲಿ ವಲಸೆಯ ಸಂಗ್ರಹಾಲಯ ಮಾಡುತ್ತಾರಂತೆ. ಅದರ ನಿರ್ದೇಶಕಿಯಾಗು ಎಂದು ಸಮಿತಿಯವರು ನನ್ನನ್ನು ಕೇಳಿದ್ದಾರೆ. ಒಪ್ಪಿಕೊಂಡರೆ ನಿನಗೆ ಹತ್ತಿರವಾಗುತ್ತೇನೆ. ಅದೊಂದೇ ಇದರಲ್ಲಿ ನನಗೆ ಸಿಹಿಯಾದ ಮಾತು.

ಬೊನಾ


ಬ್ರೆಮ್‌ಹೈದೆ
3 ನವೆಂಬರ್ 1992

ತಂಗಿ,

ತಟ್ಟಿದೆ. ಎರಡೂ ಕೈಯಿಂದ ತಟ್ಟಿದೆ. ನನ್ನ ತಂಗಿಯ ಹೆಸರು ಹೇಳಿದರು, ತಟ್ಟಿದೆ. ನೀನು ಬ್ರಸೆಲ್ಸಿನಲ್ಲಿ ಕೂತು ನಮ್ಮ ಚಪ್ಪಾಳೆಗೂ ಅಂಕ ಕೊಡುತ್ತೀಯೆಂದು ಗೊತ್ತಿರಲಿಲ್ಲ. ಕಾಲೊನಿಯ ಜನ ಕಂಡರೆ ನಿನಗೆ ಈಗ ನಾಚಿಕೆ ಇರಬೇಕು. ಇರಲಿ. ನಾವು ಓದಿದವರಲ್ಲ.

ಕೋಪ ಇಳಿಯಲೆಂದು ಎರಡು ದಿನ ಈ ಕಾಗದ ಬಿಟ್ಟಿದ್ದೆ. ಈಗ ಮುಂದುವರಿಸುತ್ತೇನೆ.

ಪಕ್ಕದ ಮನೆಯ ಶೆರೀಫೆ ಹೋದ ಗುರುವಾರ ತಮ್ಮ ತುರ್ಕಿಯ ತರ್ಹಾನಾ ಸಾರು ತಂದಿದ್ದಳು. ನನ್ನ ರೀನಾ ತೀರಿಕೊಂಡ ಈ ನಾಲ್ಕು ವರ್ಷದಲ್ಲಿ ಅವಳು ಒಂದು ಗುರುವಾರವೂ ತಪ್ಪಿಸಿಲ್ಲ. "ಎಫೀಸಿಯೊ ಅಣ್ಣ, ತಿನ್ನದೆ ಮೂಗು ಮುರಿದ್ರೆ ಈ ಪಾತ್ರೆ ನಿನ್ನ ತಲೆ ಮೇಲೆ ಹಾಕ್ತೀನಿ" ಅನ್ನುತ್ತಾಳೆ. ಅವಳ ಗಂಡ ದುರ್ಮುಶ್ ನನ್ನ ಪಾಳಿಯಲ್ಲೇ ಕೆಲಸ ಮಾಡಿದವನು. ಅವನನ್ನೂ ಈ ಧೂಳೇ ತಿಂದದ್ದು ನಿನಗೆ ಗೊತ್ತು.

ನಿನ್ನ ಸಮಿತಿಯವರು ಅವಳ ಮನೆಗೂ ಬಂದಿದ್ದರಂತೆ. ತಗಡಿನ ಬ್ಯಾರಕ್ಕಿನಲ್ಲಿ ಇದ್ದ ಕಾಲದ ಕಥೆ ಹೇಳಮ್ಮಾ, ಟೇಪು ಮಾಡಿಕೊಳ್ಳುತ್ತೇವೆ ಎಂದರಂತೆ. "ಅದನ್ನೆಲ್ಲ ಯಾಕೆ ಕೆದಕೋದು" ಎಂದು ಅವರನ್ನು ಟೀ ಕುಡಿಸಿ ಕಳಿಸಿದಳು. ನೀನೂ ಅಷ್ಟೇ. ಸಂಗ್ರಹಾಲಯದಲ್ಲಿ ದೀಪ ಇಡು, ಶಿರಸ್ತ್ರಾಣ ಇಡು, ಅಪ್ಪನ ಫೋಟೊ ಇಡು. ಆ ಬ್ಯಾರಕ್ಕಿನ ಗೊಡವೆಗೆ ಹೋಗಬೇಡ. ಅವಳ ಮಗು ಅಲ್ಲಿ ಸತ್ತದ್ದು. ಹಳೆಯ ಮಾತು, ಬಿಟ್ಟುಬಿಡು.

ಎಫೀಸಿಯೊ


ಬ್ರಸೆಲ್ಸ್
12 ಜನವರಿ 1993

ಅಣ್ಣ,

ಎರಡು ತಿಂಗಳು ಬರೆಯಲಿಲ್ಲ. ಹಬ್ಬಕ್ಕೂ ಬರಲಿಲ್ಲ. ಕೆಲಸ ಎಂದು ಸುಳ್ಳು ಹೇಳಿ ಕಾರ್ಡು ಕಳಿಸಿದ್ದೆ.

ಮೊನ್ನೆ ಸಮಿತಿಯ ಸಭೆ ನಡೆಯಿತು. ಅಧ್ಯಕ್ಷ ವಾನ್ ಹೂಲ್ ಒಂದು ಬ್ಯಾರಕ್ ಕಟ್ಟಿಸುತ್ತಾನಂತೆ. ಹೊಸ ತಗಡು, ಒಳಗೆ ಬೆಚ್ಚಗಿನ ದೀಪ, ಮೇಣದ ಇಟಲಿ ಗೊಂಬೆಗಳು, ಅವುಗಳ ಕೈಯಲ್ಲಿ ಅಕಾರ್ಡಿಯನ್.

"ಆ ಬ್ಯಾರಕ್ಕುಗಳಲ್ಲಿ ಮಂಜುಗಡ್ಡೆ ಒಳಗೋಡೆಗೆ ಕಟ್ಟುತ್ತಿತ್ತು. ನಾನು ಹುಟ್ಟಿದ್ದೇ ಅಲ್ಲಿ" ಎಂದೆ.

"ನಿಜ ಮೇಡಂ. ಆದ್ರೆ ಜನ ಭಾನುವಾರ ಮಕ್ಕಳನ್ನ ಕರ್ಕೊಂಡು ಬರ್ತಾರೆ. ಅಳಿಸಿ ಕಳಿಸೋಕಾಗುತ್ತಾ? ಆಮೇಲೆ ಕೆಫೆಗೆ ಯಾರು ಹೋಗ್ತಾರೆ?"

"ನಮ್ಮ ನಂತರ ಅದೇ ಬ್ಯಾರಕ್ಕಿಗೆ ಬಂದ ತುರ್ಕರು? ಮೊರೊಕ್ಕೊದವರು?"

ಅವನು ಬಿಸ್ಕತ್ತು ಮುರಿಯುತ್ತ ಹೇಳಿದ: "ಅದು ಇನ್ನೂ ಇತಿಹಾಸ ಆಗಿಲ್ಲವಲ್ಲ, ಮೇಡಂ. ಅದು ಸಮಸ್ಯೆ."

ಎಲ್ಲರೂ ನಕ್ಕರು. ನನ್ನ ತುಟಿಯೂ ಅಗಲವಾಯಿತು, ಅಣ್ಣ. ಸಭೆಗಳಲ್ಲಿ ಹದಿನೈದು ವರ್ಷ ಕೂತು ಕೂತು ತಾನಾಗಿಯೇ ಅಗಲವಾಗುತ್ತದೆ. ಮನೆಗೆ ಬರುವ ರೈಲಿನಲ್ಲಿ ಆ ನಗುವನ್ನು ಕಿಟಕಿಯಲ್ಲಿ ನೋಡಿಕೊಂಡೆ. ಅಸಹ್ಯವಾಯಿತು.

ನಿನ್ನನ್ನು ಒಂದು ವಿಷಯ ಕೇಳಬೇಕು. 1965ರಲ್ಲಿ ತುರ್ಕರಿಗೆ ನಮ್ಮ ಸಾಲಿನಲ್ಲಿ ಮನೆ ಕೊಡಬಾರದೆಂದು ಯಾರೋ ಗಣಿಯ ವಸತಿ ಕಚೇರಿಗೆ ಅರ್ಜಿ ಕೊಟ್ಟಿದ್ದರಂತೆ. ಅಂಥದೊಂದು ಕಾಗದ ನಿನಗೆ ನೆನಪಿದೆಯೇ?

ಬೊನಾ


ಬ್ರೆಮ್‌ಹೈದೆ
20 ಜನವರಿ 1993

ತಂಗಿ,

ಇಲ್ಲ. ಅಂಥ ಕಾಗದ ಯಾವುದೂ ಇರಲಿಲ್ಲ. ಯಾರು ನಿನಗೆ ಈ ಕಥೆ ಕಟ್ಟಿ ಹೇಳಿದರೋ ಗೊತ್ತಿಲ್ಲ. ಅಪ್ಪನಿಗೆ ಹೆಸರು ಬರೆಯಲೂ ಬರುತ್ತಿರಲಿಲ್ಲ, ಅವನೆಲ್ಲಿ ಅರ್ಜಿ ಬರೆಯುತ್ತಾನೆ? ತುರ್ಕರಿಗೆ ಮನೆ ತಡವಾಗಿ ಸಿಕ್ಕಿತು ಅಷ್ಟೇ. ಕಂಪನಿಯವರದು ಯಾವಾಗಲೂ ತಡ.

ಇಲ್ಲಿ ಹಿಮ ಬಿದ್ದಿದೆ. ಶೆರೀಫೆ ನನ್ನ ಬಾಗಿಲ ಮುಂದಿನದನ್ನೂ ಗುಡಿಸಿ ಹೋದಳು. ನಾನು ಕಿಟಕಿಯಿಂದ ಬೈದೆ, ಅವಳು ಪೊರಕೆ ತೋರಿಸಿದಳು.

ನಿರ್ದೇಶಕಿಯ ಕೆಲಸಕ್ಕೆ ಯಾವಾಗ ಸೇರುತ್ತೀಯ, ಅದನ್ನು ಬರಿ.

ಎಫೀಸಿಯೊ


ಬ್ರಸೆಲ್ಸ್
2 ಫೆಬ್ರವರಿ 1993

ಅಣ್ಣ,

ಆ ಕಾಗದ ಈಗ ನನ್ನ ಮುಂದೆ ಮೇಜಿನ ಮೇಲಿದೆ. ಮೂರು ಹಾಳೆ. ಒಂದರಲ್ಲಿ ಅರ್ಜಿ, ಎರಡರಲ್ಲಿ ಅರವತ್ತೊಂದು ಸಹಿ. ಕೆಲವು ಬರೀ ಶಿಲುಬೆ ಗುರುತು. ಮೊದಲನೆಯ ಗುರುತು ಅಪ್ಪನದು. ಹನ್ನೊಂದನೆಯ ಸಹಿ ನಿನ್ನದು.

ನೀನು ಸುಳ್ಳು ಹೇಳಿದ್ದಕ್ಕೆ ನನಗೆ ಸಿಟ್ಟಿಲ್ಲ. ಗೊತ್ತಿದ್ದೂ ಗೊತ್ತಿಲ್ಲದವಳಂತೆ ಕೇಳಿದವಳು ನಾನು. ನನ್ನ ಸುಳ್ಳಿಗೆ ಹದಿನಾರು ವರ್ಷ ವಯಸ್ಸು.

1977ರಲ್ಲಿ ಸಂಶೋಧನೆಗೆಂದು ಗಣಿಯ ಅಟ್ಟದ ಮೇಲಿನ ದಾಖಲೆಗಳನ್ನು ನೋಡುತ್ತಿದ್ದೆ. ಒಂದು ಮಧ್ಯಾಹ್ನ ವಸತಿ ಕಚೇರಿಯ ಕಟ್ಟು ಬಿಚ್ಚಿದಾಗ ಇದು ಸಿಕ್ಕಿತು. ಕಾವಲಿನವನು ಕೆಳಗೆ ಕಾಫಿಗೆ ಹೋಗಿದ್ದ. ಹಾಳೆಗಳನ್ನು ಮಡಚಿ ಬೆನ್ನಿಗೂ ಲಂಗದ ಪಟ್ಟಿಗೂ ನಡುವೆ ಸಿಕ್ಕಿಸಿಕೊಂಡು, ಮೇಲೆ ಕೋಟು ಹಾಕಿಕೊಂಡು ಮೆಟ್ಟಿಲಿಳಿದೆ. ಅವನು "ಇವತ್ತು ಬೇಗ ಹೊರಟ್ರಾ?" ಎಂದ. "ತಲೆನೋವು" ಎಂದೆ. ವಿದ್ಯಾರ್ಥಿಗಳು ದಾಖಲೆಯ ಅಂಚಿನಲ್ಲಿ ಪೆನ್ಸಿಲ್ ಗುರುತು ಹಾಕಿದರೂ ತರಗತಿಯಿಂದ ಹೊರಗೆ ಕಳಿಸುತ್ತೇನೆ ನಾನು. ಕಳ್ಳಿ ನಾನೇ.

ಅಪ್ಪನ ಮಾನ ಉಳಿಸಲು ಕದ್ದೆ ಎಂದು ನನಗೆ ನಾನೇ ಹೇಳಿಕೊಂಡೆ. ಅದೂ ಸುಳ್ಳು. ಅರ್ಜಿಯ ಅಕ್ಷರ ನನ್ನದು, ಅಣ್ಣ.

ನನಗೆ ಹದಿನಾಲ್ಕು. ಡಿಸೆಂಬರ್, ಭಾನುವಾರ, ಚರ್ಚಿನಿಂದ ಬಂದಿದ್ದೆವು. ನೀನು ಪಾಳಿಗೆ ಹೋಗಿದ್ದೆ. ಅಡುಗೆಮನೆಯಲ್ಲಿ ಅಪ್ಪನ ಜೊತೆ ನಾಲ್ಕು ಜನ ಗಂಡಸರು ಕೂತಿದ್ದರು.

"ಬಾರೇ ಇಲ್ಲಿ, ಮಹಾರಾಣಿ. ಇವತ್ತು ನಿನ್ನ ಓದಿಗೆ ಕೆಲಸ ಬಂತು" ಎಂದ ಅಪ್ಪ.

"ಏನು ಬರೀಬೇಕು?"

"ತುರ್ಕರಿಗೆ ನಮ್ಮ ಸಾಲಲ್ಲಿ ಮನೆ ಕೊಡಬೇಡಿ ಅಂತ. ಅವರು ಗಲೀಜು ಜನ ಅಂತ. ಆದ್ರೆ ಹಂಗೇ ಒರಟಾಗಿ ಬರೀಬೇಡ. ಓದಿದವರು ಬರೆಯೋ ಹಾಗಿರಲಿ."

ನಾನು 'ಸ್ವಚ್ಛತೆಯ ಅಭ್ಯಾಸವಿಲ್ಲದ ಜನ' ಎಂದು ಬರೆದೆ. ಆ ಮಾತು ನನಗೆ ಎಲ್ಲಿ ಸಿಕ್ಕಿತು ಗೊತ್ತೇ? ನಮ್ಮ ಟೀಚರಮ್ಮ ತರಗತಿಯಲ್ಲಿ ಹೇಳುತ್ತಿದ್ದಳು, ನಮ್ಮ ಬಗ್ಗೆ. ಇಟಲಿ ಮಕ್ಕಳ ತಲೆ ಪರೀಕ್ಷಿಸುವ ದಿನ. 'ಅವರ ಅಡುಗೆಯ ವಾಸನೆಯನ್ನು ನೆರೆಹೊರೆಯವರು ಸಹಿಸಲಾರರು' ಎಂದೂ ಬರೆದೆ. ಅದೂ ನಮ್ಮ ಬೆಳ್ಳುಳ್ಳಿಗೆ ಅಂದಿದ್ದ ಮಾತು. ಓದಿ ಹೇಳಿದಾಗ ಗಂಡಸರೆಲ್ಲ "ವಾಹ್" ಎಂದರು. ಅಪ್ಪ ನನ್ನ ಹಣೆಗೆ ಮುತ್ತಿಟ್ಟ. ನನ್ನ ಬರವಣಿಗೆಯನ್ನು ಅಪ್ಪ ಹೊಗಳಿದ್ದು ಅದೊಂದೇ ಸಲ. ಪುಸ್ತಕ ಬರುವ ಹೊತ್ತಿಗೆ ಅವನಿರಲಿಲ್ಲ. ನನ್ನ ವೃತ್ತಿಯ ಮೊದಲ ಬರಹ ಅದು, ಅಣ್ಣ. ಉಳಿದದ್ದೆಲ್ಲ ಆಮೇಲೆ.

ಹನ್ನೆರಡು ವರ್ಷ ಕಳೆದು ಅದನ್ನು ಕದ್ದು, ಪುಸ್ತಕದ ಏಳನೇ ಅಧ್ಯಾಯದಲ್ಲಿ ಹೀಗೆ ಬರೆದೆ: 'ಹೊಸದಾಗಿ ಬಂದ ತುರ್ಕಿ ಕಾರ್ಮಿಕರನ್ನು ಇಟಲಿಯ ಕುಟುಂಬಗಳು ಸಮಾನದುಃಖಿಗಳ ಆತ್ಮೀಯತೆಯಿಂದ ಬರಮಾಡಿಕೊಂಡವು.' ಪರೀಕ್ಷಕರು ಆ ಅಧ್ಯಾಯವನ್ನೇ ವಿಶೇಷವಾಗಿ ಮೆಚ್ಚಿದರು.

ನೀಲಿ ಟೈಯವನ ಮೇಲೆ ನನಗೆ ಹೇಸಿಗೆಯಾಯಿತು ಎಂದಿದ್ದೆ. ಅವನು ನನ್ನ ಬರಹವನ್ನು ತಿರುಚಲಿಲ್ಲ. ನಾನು ಬರೆದದ್ದನ್ನೇ ಓದಿದ.

ಈಗ ಏನು ಮಾಡಲಿ ಹೇಳು.

ಬೊನಾ


ಬ್ರಸೆಲ್ಸ್
10 ಮಾರ್ಚ್ 1993

ಅಣ್ಣ,

ಐದು ವಾರವಾಯಿತು. ಒಂದು ಸಾಲೂ ಇಲ್ಲ. ಎರಡು ಸಲ ಫೋನ್ ಮಾಡಿದೆ. ನೀನು ಎತ್ತಿ, ನನ್ನ ದನಿ ಕೇಳಿ ಇಟ್ಟೆ. ಆ ಕೆಮ್ಮು ನಿನ್ನದೇ ಎಂದು ನನಗೆ ಗೊತ್ತಾಗುವುದಿಲ್ಲವೇ?

ಮೂರು ಹಾಳೆಗಳನ್ನು ಗಣಿಯ ದಾಖಲೆಗಳು ಈಗ ಇರುವ ಭಂಡಾರಕ್ಕೆ ಒಪ್ಪಿಸಿ ಬಂದೆ. ಎಲ್ಲಿಂದ, ಯಾರು, ಯಾವಾಗ ಕದ್ದದ್ದು ಎಂದು ಬರೆದುಕೊಟ್ಟೆ. ಸಮಿತಿಗೂ ತಿಳಿಸಿದೆ. ವಾನ್ ಹೂಲ್ ಕೂಡಲೇ ಫೋನ್ ಮಾಡಿದ: "ಮೇಡಂ, ಇದನ್ನ ನೀವೂ ನಾವೂ ಮರೆತುಬಿಡೋಣ. ಯಾರಿಗೆ ಬೇಕು ಇದು? ನಿಮ್ಮ ಜನಕ್ಕೇ ಬೇಡ." ನಾನು ಫೋನ್ ಇಟ್ಟೆ.

ನಿನ್ನ ಸಹಿಯ ಬಗ್ಗೆ ಯೋಚಿಸಬೇಡ. ನಿನಗೆ ಇಪ್ಪತ್ತೇಳು ವಯಸ್ಸು, ಅಪ್ಪ ಹೇಳಿದ, ಹಾಕಿದೆ. ಅಪ್ಪನ ಮಾತಿಗೆ ಎದುರು ಹೇಳುವವರು ನಮ್ಮ ಮನೆಯಲ್ಲಿ ಯಾರಿದ್ದರು?

ಬೊನಾ


ಬ್ರೆಮ್‌ಹೈದೆ
28 ಮಾರ್ಚ್ 1993

ಬೊನಾರಿಯಾ,

ಅಪ್ಪ ನನಗೆ ಹೇಳಲಿಲ್ಲ. ಅಪ್ಪ ಕೇಳುವ ಮೊದಲೇ ನಾನು ಹಾಕಿದೆ. ನೀನು ದೊಡ್ಡ ಇತಿಹಾಸಕಾರ್ತಿ, ಮೂರು ಹಾಳೆಯನ್ನು ಹದಿನಾರು ವರ್ಷ ಇಟ್ಟುಕೊಂಡಿದ್ದರೂ ಇದೊಂದು ನಿನಗೆ ತಿಳಿಯಲಿಲ್ಲ.

ಆ ಡಿಸೆಂಬರಿನಲ್ಲಿ ನಮ್ಮ ಸಾಲಿನಲ್ಲಿ ಖಾಲಿ ಇದ್ದದ್ದು ಒಂದೇ ಮನೆ. ಅದು ದುರ್ಮುಶ್‌ಗೆ ಎಂದು ಬರೆದಾಗಿತ್ತು. ಶೆರೀಫೆ ಆಗಷ್ಟೇ ಕೂಸನ್ನು ಎತ್ತಿಕೊಂಡು ಬಂದಿದ್ದಳು. ನನಗೂ ರೀನಾಗೂ ಮದುವೆ ನಿಶ್ಚಯವಾಗಿತ್ತು. ಮನೆ ಇಲ್ಲದೆ ಹುಡುಗಿ ಕೊಡುವುದಿಲ್ಲ ಎಂದು ಅವಳ ಅಪ್ಪ ಕೂತಿದ್ದ. ಅರ್ಜಿ ಹೋಯಿತು. ದುರ್ಮುಶ್‌ಗೆ "ಮನೆ ಇಲ್ಲ, ಬ್ಯಾರಕ್ಕಿನಲ್ಲೇ ಇರು" ಎಂದರು. ಜನವರಿಯಲ್ಲಿ ಕೀಲಿ ನನ್ನ ಕೈಗೆ ಬಂತು. ಹದಿನಾಲ್ಕನೇ ನಂಬರ್. ಇಪ್ಪತ್ತೇಳು ವರ್ಷದಿಂದ ನಾನು ಮಲಗಿ ಏಳುತ್ತಿರುವ ಮನೆ. ನೀನು ಬಂದಾಗಲೆಲ್ಲ ಕಾಫಿ ಕುಡಿಯುವ ಮನೆ.

ಅಪ್ಪನ ಹಿರಿತನಕ್ಕೆ ಸಿಕ್ಕಿದ್ದು ಎಂದು ನೀನು ಅಂದುಕೊಂಡಿದ್ದೆ. ನಾನು ತಿದ್ದಲಿಲ್ಲ.

ಮದುವೆ ಜೂನಿನಲ್ಲಿ, ಅಲ್ಲಿಯ ತನಕ ಅದು ಖಾಲಿಯೇ ಇತ್ತು. ಫೆಬ್ರವರಿ ಒಂಬತ್ತು, ಬೆಳಿಗ್ಗೆ ಎಂಟರ ಹೊತ್ತು, ನಾನು ಒಳಗೆ ಸುಣ್ಣ ಬಳಿಯುತ್ತಿದ್ದೆ. ಎದುರು ಬ್ಯಾರಕ್ಕಿನಿಂದ ಕೂಗು ಕೇಳಿ ಕುಂಚ ಬಿಸಾಕಿ ಓಡಿದೆ. ಒಲೆಯ ಹೊಗೆ ಹೊರಗೆ ಹೋಗದೆ ಒಳಗೇ ತುಂಬಿತ್ತು. ದುರ್ಮುಶ್ ಪಾಳಿಯಲ್ಲಿದ್ದ. ಶೆರೀಫೆಯನ್ನು ಬಾಗಿಲಿಗೆ ಎಳೆದು ಹಾಕಿ, ಕೂಸನ್ನು ನಾನೇ ಎತ್ತಿ ತಂದೆ. ಗಣಿಯ ಡಾಕ್ಟರ ಬಳಿಗೆ ಓಡಿದೆ. ಏಳು ತಿಂಗಳ ಕೂಸು. ನನ್ನ ಕೈಯ ಸುಣ್ಣ ಅದರ ಅಂಗಿಗೆ ಹತ್ತಿತ್ತು. ಡಾಕ್ಟರು "ಇದೇನು ಬಿಳಿ?" ಎಂದು ಕೇಳಿದರು. ನಾನು ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡೆ.

ಅಂದಿನಿಂದ ದುರ್ಮುಶ್ ನನ್ನನ್ನು ಅಣ್ಣ ಎಂದ. ಶೆರೀಫೆಯೂ ಅಣ್ಣ ಎಂದಳು. ಕೂಸನ್ನು ಎತ್ತಿ ಓಡಿದವನು ಅಂತ. ಆ ಮಾತು ಕೇಳುವಾಗಲೆಲ್ಲ ನನಗೆ ಏನಾಗುತ್ತಿತ್ತು ಎಂದು ನಿನಗೆ ಹೇಳಲಾರೆ. ಆಮೇಲೆ ಪಕ್ಕದ ಮನೆ ಖಾಲಿಯಾದಾಗ ವಸತಿ ಕಚೇರಿಗೆ ಹತ್ತು ಸಲ ಹೋಗಿ ಅದನ್ನು ಅವರಿಗೆ ಕೊಡಿಸಿದೆ. ಅಷ್ಟು ಮಾಡಿದೆ.

ನಿನಗೆ ಈಗ ಹೇಸಿಗೆಯಾಯಿತು, ಕಾಗದ ಒಪ್ಪಿಸಿ ಕೈ ತೊಳೆದುಕೊಂಡೆ. ನಿನ್ನ ಕೈ ತೊಳೆದ ನೀರು ನನ್ನ ಮನೆ ಮುಂದೆ ಹರಿಯುತ್ತದೆ. ನಾನು ಇಲ್ಲಿ ಇರಬೇಕು. ನನ್ನ ಶ್ವಾಸಕೋಶ ಹೆಚ್ಚು ದಿನ ತಡೆಯುವುದಿಲ್ಲ ಎಂದಿದ್ದಾರೆ. ಅಲ್ಲಿಯವರೆಗೆ ಸುಮ್ಮನಿರು. ಕೈ ಮುಗಿದು ಕೇಳುತ್ತೇನೆ, ಪೇಪರಿಗೆ ಕೊಡಬೇಡ.

ಎಫೀಸಿಯೊ


ಬ್ರಸೆಲ್ಸ್
6 ಏಪ್ರಿಲ್ 1993

ಅಣ್ಣ,

ನಿನ್ನ ಕಾಗದ ಗುರುವಾರ ಬಂತು. ಆ ಅರ್ಜಿಯ ಬಗ್ಗೆ ನಾನು ಬರೆದ ಲೇಖನ ಬುಧವಾರವೇ ಪತ್ರಿಕೆಯಲ್ಲಿ ಅಚ್ಚಾಗಿತ್ತು. ಒಂದು ದಿನ. ನಿನ್ನ ಮೌನವನ್ನು ಒಪ್ಪಿಗೆ ಎಂದುಕೊಂಡಿದ್ದೆ. ಇಲ್ಲ, ಅದೂ ಪೂರ್ತಿ ನಿಜವಲ್ಲ. ನೀನು ಬೇಡ ಎನ್ನುವ ಮೊದಲು ಮುಗಿಸಿಬಿಡಬೇಕು ಎಂದುಕೊಂಡಿದ್ದೆ.

ಸಹಿ ಮಾಡಿದವರ ಹೆಸರು ಹಾಕಿಲ್ಲ. ನನ್ನ ಹೆಸರು ಹಾಕಿದ್ದೇನೆ, ಅಪ್ಪನದು ಹಾಕಿದ್ದೇನೆ. ಆದರೆ ಭಂಡಾರದಲ್ಲಿ ಯಾರು ಬೇಕಾದರೂ ಕೇಳಿ ನೋಡಬಹುದು. ಆಗಲೇ ಇಬ್ಬರು ಪತ್ರಕರ್ತರು ನೋಡಿದ್ದಾರಂತೆ.

ಸಂಗ್ರಹಾಲಯದ ಕೆಲಸ ಹೋಯಿತು. ಅದು ಹೋದದ್ದಕ್ಕೆ ದುಃಖವಿಲ್ಲ. ನೀಲಿ ಟೈಯ ಪಕ್ಷದವರು ನನ್ನನ್ನು ಹೆತ್ತಪ್ಪನ ಮಾನ ಹರಾಜು ಹಾಕಿದವಳು ಎಂದು ಬರೆದಿದ್ದಾರೆ. ಅದಕ್ಕೂ ದುಃಖವಿಲ್ಲ. ನಿಜವಾಗಿ ಅಸಹ್ಯವಾದದ್ದು ನಿನ್ನೆ. ವಿಭಾಗದ ಕಾಫಿ ಕೋಣೆಯಲ್ಲಿ ಸಹೋದ್ಯೋಗಿಯೊಬ್ಬ ನನ್ನ ಕೈ ಹಿಡಿದು ಕುಲುಕಿದ.

"ಎಂಥಾ ಧೈರ್ಯ ಕಣ್ರೀ! ಇದನ್ನ ಸುಮ್ನೆ ಬಿಡಬೇಡಿ. ಸಂಶೋಧಕಿಯೇ ದಾಖಲೆ, ಸಂಶೋಧಕಿಯೇ ಅಪರಾಧಿ. ಶರತ್ಕಾಲದ ಸಮ್ಮೇಳನದಲ್ಲಿ ಮುಖ್ಯ ಭಾಷಣ ನಿಮ್ಮದೇ ಆಗುತ್ತೆ, ನೋಡ್ತಿರಿ."

ನನ್ನ ಕಳ್ಳತನವೂ ನನಗೆ ಏಣಿಯಾಗುತ್ತಿದೆ, ಅಣ್ಣ. ಈ ವೃತ್ತಿಯಲ್ಲಿ ಕೆಳಗೆ ಬೀಳುವುದಕ್ಕೂ ಅಂಕ ಕೊಡುತ್ತಾರೆ. ಅವನ ಕೈ ತಾಗಿದ ನನ್ನ ಕೈಯನ್ನು ಸೋಪು ಹಾಕಿ ತೊಳೆದೆ. ನೀನು ಬರೆದದ್ದು ನೆನಪಾಗಿ ನಲ್ಲಿ ನಿಲ್ಲಿಸಿದೆ.

ಹದಿನಾಲ್ಕನೇ ನಂಬರಿನ ವಿಷಯ ಓದಿ ಎರಡು ದಿನ ಏನೂ ಮಾಡಲಾಗಲಿಲ್ಲ. ನಾನು ನೂರಾರು ಮನೆಗಳ ಇತಿಹಾಸ ಬರೆದೆ. ಅಣ್ಣನ ಮನೆಯ ಬಾಗಿಲು ತಟ್ಟಿ "ಇದು ನಿನಗೆ ಹೇಗೆ ಸಿಕ್ಕಿತು?" ಎಂದು ಕೇಳಲಿಲ್ಲ. ನಿನ್ನ ಮೇಲೆ ಹೇಸಿಗೆಯಾಯಿತೇ ಎಂದು ನೀನು ಕೇಳಿಲ್ಲ. ಆಯಿತು. ಆಮೇಲೆ ಅದೇ ಜಾಗದಲ್ಲಿ ನನ್ನ ಮೇಲಿನದು ಬಂದು ಕೂತಿತು. ಈಗ ಯಾವುದು ಯಾರದೆಂದು ಬೇರ್ಪಡಿಸಲಾರೆ.

ಪುಸ್ತಕದ ಹೊಸ ಆವೃತ್ತಿಗೆ ಪ್ರಕಾಶಕರು ಒಪ್ಪಿದ್ದಾರೆ. ಏಳನೇ ಅಧ್ಯಾಯ ಪೂರ್ತಿ ಹೊಸದಾಗಿ ಬರೆಯುತ್ತೇನೆ. ಅದರ ಮೊದಲ ಪುಟದಲ್ಲಿ ಆ ಮಗುವಿನ ಹೆಸರು ಇರಬೇಕು. ಗಣಿಯ ಡಾಕ್ಟರ ಪುಸ್ತಕದಲ್ಲಿ 'ತುರ್ಕಿ ಕೂಸು, ಹೆಣ್ಣು, ಏಳು ತಿಂಗಳು' ಎಂದಷ್ಟೇ ಇದೆ. ಶೆರೀಫೆಯನ್ನು ಕೇಳಿ ಬರೆದು ಕಳಿಸು. ಅವಳ ಕಾಲಿಗೆ ಬೀಳಲು ನಾನೇ ಬರುತ್ತೇನೆ, ಹೆಸರು ಮಾತ್ರ ಬೇಗ ಬೇಕು. ಪುಸ್ತಕ ಜೂನಿನಲ್ಲಿ ಅಚ್ಚಿಗೆ ಹೋಗುತ್ತದೆ.

ಬೊನಾ


ಬ್ರೆಮ್‌ಹೈದೆ
19 ಮೇ 1993

ತಂಗಿ,

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಲೇಖನ ಬಂದ ಮರುವಾರ ಶೆರೀಫೆ ಪತ್ರಿಕೆ ಹಿಡಿದು ಬಂದಳು. ಅವಳಿಗೆ ಇಲ್ಲಿಯ ಭಾಷೆ ಮಾತಾಡಲು ಬರುತ್ತದೆ, ಓದಲು ಅಷ್ಟಾಗಿ ಬರುವುದಿಲ್ಲ. ಮಗನಿಗೆ ಓದು ಎಂದರೆ ಅವನು ಓದದೆ ಪೇಪರು ಬಿಸಾಕಿ ಹೊರಗೆ ಹೋದನಂತೆ.

"ಎಫೀಸಿಯೊ ಅಣ್ಣ, ಇದರಲ್ಲಿ ಏನಿದೆ, ನೀನು ಓದು."

ಓದಿದೆ. ಕೆಮ್ಮು ಬಂದಾಗ ನಿಲ್ಲಿಸಿದೆ, ಮತ್ತೆ ಓದಿದೆ. ಅವಳು ನನ್ನ ಬಾಯಿಯನ್ನೇ ನೋಡುತ್ತಿದ್ದಳು.

"ಅದರಲ್ಲಿ ನಿನ್ನ ಹೆಸರೂ ಇದೆಯಾ?"

"ಇದೆ."

"ಈ ಮನೆ ನಮಗೆ ಅಂತ ಹೇಳಿದ್ರು. ಆಮೇಲೆ ಇಲ್ಲ ಅಂದ್ರು. ನೀನು ಬಂದೆ. ನಾವು ಅಂದ್ಕೊಂಡ್ವಿ, ಪಾಪ, ಇವನಿಗೂ ಮದುವೆ ಅಲ್ವಾ ಅಂತ."

ಅವಳು ಅಳಲಿಲ್ಲ, ಬೈಯಲಿಲ್ಲ. ಎದ್ದು ಒಂದೊಂದು ಕೋಣೆಗೂ ಹೋಗಿ ನಿಂತು ನೋಡಿದಳು. ಮಲಗುವ ಕೋಣೆ, ಬಚ್ಚಲು, ಹಿತ್ತಲ ಬಾಗಿಲು. ಇಷ್ಟು ವರ್ಷ ಓಡಾಡಿದ ಮನೆಯನ್ನು ಬಾಡಿಗೆಗೆ ಕೇಳಲು ಬಂದವಳಂತೆ ನೋಡಿದಳು. ಅಡುಗೆಮನೆಯ ಒಲೆಯ ಹೊಗೆಕೊಳವೆಯ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ನಿಂತಳು. ಆಮೇಲೆ ಹೊರಟುಹೋದಳು.

ಐದು ಗುರುವಾರ ಬರಲಿಲ್ಲ. ಅವಳ ಮಗ ನನ್ನನ್ನು ಕಂಡರೆ ರಸ್ತೆಯ ಆಚೆ ಬದಿಗೆ ಹೋಗುತ್ತಾನೆ. ಸಹಿ ಹಾಕಿದ ಮುದುಕರು ಹನ್ನೊಂದು ಜನ ಉಳಿದಿದ್ದಾರಲ್ಲ, ಅವರು ನನ್ನ ಜೊತೆ ಇಸ್ಪೀಟು ಬಿಟ್ಟರು. "ನಿನ್ನ ತಂಗಿ ಬರೆದಳು, ನಿನ್ನ ತಂಗಿಯೇ ಹಿಡಿದುಕೊಟ್ಟಳು, ನಮ್ಮನ್ಯಾಕೆ ಎಳೀತಾಳೆ?" ಎನ್ನುತ್ತಾರೆ. ಅವರ ಮೇಲೆ ನನಗೂ ಈಗ ಅಸಹ್ಯ. ಬಾಗಿಲು ಹಾಕಿಕೊಂಡು ಕೂತಿದ್ದೆ. ಹೀಗೆ ಸತ್ತರೂ ಸರಿ ಅನ್ನಿಸಿತ್ತು.

ಮೊನ್ನೆ ಸೋಮವಾರ ಉಸಿರು ಕಟ್ಟಿ ಹಿತ್ತಲಲ್ಲಿ ಕುಸಿದೆ. ಬೇಲಿಯಾಚೆ ಬಟ್ಟೆ ಒಣಗಿಸುತ್ತಿದ್ದವಳು ಅವಳೇ. ಬಂದು ಎತ್ತಿ ಕೂರಿಸಿ, ಬೆನ್ನು ತಟ್ಟಿ, ಔಷಧಿಯ ಡಬ್ಬಿ ಬಾಯಿಗಿಟ್ಟಳು. ಮುಖ ನೋಡಲಿಲ್ಲ. ಉಸಿರು ಬಂದ ಮೇಲೆ ಹೇಳಿದಳು: "ಸಾಯೋ ಹಾಗಿದ್ರೆ ಆಸ್ಪತ್ರೆಗೆ ಹೋಗಿ ಸಾಯಿ. ಈ ಮನೇಲಿ ಸಾಯಬೇಡ."

ಆಗ ನಿನ್ನ ಮಾತು ಹೇಳಿದೆ. ತಂಗಿ ಪುಸ್ತಕ ತಿದ್ದುತ್ತಿದ್ದಾಳೆ, ಕೂಸಿನ ಹೆಸರು ಕೇಳಿದ್ದಾಳೆ, ಮೊದಲ ಪುಟದಲ್ಲಿ ಹಾಕುತ್ತಾಳಂತೆ ಎಂದೆ. ಅವಳು ಬೇಲಿಯ ಮೇಲಿನ ಬಟ್ಟೆ ಸರಿಪಡಿಸಿದಳು. ಆಮೇಲೆ ತಿರುಗಿದಳು.

"ನಿನ್ನ ತಂಗಿಗೆ ಬರಿ. ನಮ್ಮ ವಿಷಯ ಅವಳು ಹದಿನಾಲ್ಕು ವರ್ಷದವಳಿದ್ದಾಗ ಒಂದು ಸಲ ಬರೆದಳು. ದೊಡ್ಡವಳಾಗಿ ಇನ್ನೊಂದು ಸಲ ಬರೆದಳು. ಈಗ ಪೇಪರಿನಲ್ಲಿ ಮೂರನೇ ಸಲ. ಒಂದು ಸಲವೂ ನಮ್ಮನೆ ಬಾಗಿಲಿಗೆ ಬಂದು ಕೇಳಲಿಲ್ಲ. ಅವಳ ಹತ್ರ ನಮ್ಮದು ಸಾಕಷ್ಟಿದೆ. ಹೆಸರು ನನ್ನ ಹತ್ರ ಇರಲಿ."

ಅವಳ ಮಾತು ಅವಳದೇ ಪದದಲ್ಲಿ ಬರೆದಿದ್ದೇನೆ, ಏನೂ ಸೇರಿಸಿಲ್ಲ. ನೀನು ಬರುವುದಾದರೆ ಬಾ. ಅವಳು ಬಾಗಿಲು ತೆಗೆಯುತ್ತಾಳೋ ಇಲ್ಲವೋ, ಅದು ಅವಳಿಷ್ಟ. ಪೆನ್ನು, ಟೇಪು ಏನೂ ತರಬೇಡ.

ಇನ್ನು ನನ್ನದು. ಆ ಹೆಸರು ನನಗೆ ಗೊತ್ತು, ಬೊನಾ. ಆ ಬೆಳಿಗ್ಗೆ ನಾನು ಕೂಸನ್ನು ಎತ್ತಿ ಓಡುವಾಗ ಅವಳು ಹಿಂದೆ ಅದನ್ನೇ ಕೂಗುತ್ತ ಬಂದಳು, ಡಾಕ್ಟರ ಬಾಗಿಲ ತನಕ. ನಾನೂ ನಿನಗೆ ಹೇಳುವುದಿಲ್ಲ.

ನಿನ್ನ ಅಣ್ಣ,
ಎಫೀಸಿಯೊ